ಛಾವಣಿ ತೆರೆದೇ ಇದೆ

ಸರಪಳಿ ತುಂಡಾದಾಗ ಬಂದ ಸದ್ದು ಬಂದೂಕು ಹಾರಿಸಿದ ಹಾಗಿತ್ತು. ತುಂಡಾದ ಬಾಲ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಭಾವನ ಮೀನಖಂಡಕ್ಕೆ ಬಡಿಯಿತು. ಅವನು ಕುಂಟಿಕೊಂಡೇ ಪಕ್ಕದ ಕೋಣೆಗೆ ನುಗ್ಗಿದ. ಮೊದಲು ಕೀಬೋರ್ಡಿಗೆ ಗುದ್ದಿದ, ಆಮೇಲೆ ಗೂಬೆಗೆ. ಕೀಬೋರ್ಡಿನಿಂದ ನಾಲ್ಕು ಗುಂಡಿಗಳು ಹಾರಿದವು. ಗೂಬೆಯ ಕೆಳತುಟಿ ಒಡೆಯಿತು.

"ತೆರೆದೇ ಇತ್ತಲ್ಲೇ ಛಾವಣಿ! ಕುರುಡನಿಗೂ ಕಾಣ್ತಿತ್ತು! ತೆರೆದಿರೋದನ್ನ ಮತ್ತೆ ತೆಗಿ ಅಂತ ಯಾಕೆ ಹೇಳ್ತು ನಿನ್ನ ದರಿದ್ರ ಡಬ್ಬ?"

ಅವಳು ನೆಲದಲ್ಲಿ ಕೂತು ಗುಂಡಿಗಳನ್ನು ಆರಿಸತೊಡಗಿದಳು. ಮೂರು ಸಿಕ್ಕವು. ನಾಲ್ಕನೆಯದು ಭಾವನ ಚಪ್ಪಲಿಯ ಕೆಳಗಿತ್ತು. ಕಾಲು ಎತ್ತಿ ಎಂದು ಹೇಳುವ ಧೈರ್ಯವಿಲ್ಲದೆ ಅವನು ತಾನಾಗಿ ಎತ್ತುವವರೆಗೂ ಕಾದಳು.

ಗೂಬೆ ಎಂಬ ಹೆಸರು ಇಟ್ಟವನು ಅವನೇ. ಅಕ್ಕನ ಮದುವೆಯಾದ ವರ್ಷವೇ ಅಮ್ಮ ತೀರಿಕೊಂಡಳು. ತಂಗಿಯೂ ಬಟ್ಟೆಯ ಗಂಟಿನ ಜೊತೆ ಅಕ್ಕನ ಮನೆ ಸೇರಿದಳು. "ಹೆಂಡತಿ ಕೊಡ್ತೀವಿ ಅಂದ್ರು, ಜೊತೆಗೆ ನನ್ನ ತಲೆ ಮೇಲೆ ಒಂದು ಗೂಬೆನೂ ಕೂರಿಸಿದ್ರು" ಎಂದು ಭಾವ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ದೊಡ್ಡ ಕಣ್ಣು, ಬಾಯಿಲ್ಲದ ಹುಡುಗಿ, ಹೆಸರು ಅಂಟಿಕೊಂಡಿತು. ಎಂಟನೇ ಕ್ಲಾಸಿನ ಮಧ್ಯದಲ್ಲಿ ಅವಳನ್ನು ಶಾಲೆ ಬಿಡಿಸಿ ವರ್ಕ್‌ಶಾಪಿನಲ್ಲಿ ಕೂರಿಸಿದ. ದುರ್ಬೀನುಗಳ ಪೀಠ, ಹಲ್ಲುಚಕ್ರ, ಮೋಟಾರುಗಳನ್ನು ರಿಪೇರಿ ಮಾಡುವ ಜಾಗ ಅದು. ಬೆಸುಗೆ ಹಾಕುವುದನ್ನು ಯಾರೂ ಅವಳಿಗೆ ಕಲಿಸಲಿಲ್ಲ. ನೋಡಿದಳು, ಕಲಿತಳು. ಉಳಿದದ್ದೆಲ್ಲ ಹಾಗೆಯೇ ಬಂತು.

ಈಗಿನ ಕೆಲಸ ಡಾಕ್ಟರಮ್ಮನದು. ಮೂವತ್ತು ವರ್ಷ ಜನರ ಕಣ್ಣು ಕೊಯ್ದು ಸರಿಮಾಡಿದ ಹೆಂಗಸು. ನಿವೃತ್ತಿಯಾದ ಮೇಲೆ ಮನೆಯ ಹಿಂದೆ, ಹನ್ನೆರಡು ಮೆಟ್ಟಿಲು ಮೇಲೆ, ಸೂರ್ಯನನ್ನು ನೋಡಲು ಒಂದು ಕೋಣೆ ಕಟ್ಟಿಸಿಕೊಂಡಿದ್ದರು. ಕಬ್ಬಿಣದ ಛಾವಣಿ ಹಳಿಯ ಮೇಲೆ ಜಾರಿ ಪೂರ್ವದ ಕಡೆಗೆ ಸರಿದರೆ ಆಕಾಶ ತೆರೆಯುತ್ತಿತ್ತು. ಮರಳಿ ಬಂದು ಪಶ್ಚಿಮದ ಗೋಡೆಯ ಗಾಡಿಯಲ್ಲಿ ಕೂತರೆ ಮುಚ್ಚುತ್ತಿತ್ತು. ಗಾಡಿ ಎಂದರೆ ಗೋಡೆಯ ತಲೆಯುದ್ದಕ್ಕೂ ತೋಡಿದ ಕಾಲುವೆಯಂಥ ಸಂದು. ದಿನವೂ ಬೆಳಗಿನಿಂದ ಸಂಜೆಯವರೆಗೆ ಅವರು ಸೂರ್ಯನ ಕಲೆಗಳನ್ನು ಕಾಗದದ ಮೇಲೆ ಬರೆಯುತ್ತಿದ್ದರು. ಈಗ ಅವರ ಕಣ್ಣಿಗೇ ಪೊರೆ. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬೇಕಿತ್ತು.

ತೊಂದರೆ ಇದ್ದದ್ದು ಯಂತ್ರಗಳ ನಡುವೆ. ಛಾವಣಿಯನ್ನೂ ದುರ್ಬೀನನ್ನೂ ಓಡಿಸುವ ಪ್ರೋಗ್ರಾಮು ಒಂದು ಹಳೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಬರೆದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು, ಬೇರೆ ಯಾವ ಆಪರೇಟಿಂಗ್ ಸಿಸ್ಟಮಿನ ಮೇಲೂ ಅದು ಓಡುತ್ತಿರಲಿಲ್ಲ. ಅದಕ್ಕೆ ಮುದುಕ ಎಂದು ಹೆಸರು. ಚಿತ್ರಗಳನ್ನು ಸಂಸ್ಕರಿಸುವ ಸಾಫ್ಟ್‌ವೇರ್ ಇದ್ದದ್ದು ಇನ್ನೊಂದರಲ್ಲಿ, ಹೊಸಬನಲ್ಲಿ. ಅವನ ಆಪರೇಟಿಂಗ್ ಸಿಸ್ಟಮೇ ಬೇರೆ. ಅವನು ಸೂರ್ಯನ ನೂರು ಚಿತ್ರ ತೆಗೆದು, ಗಾಳಿಯಲ್ಲಿ ನಡುಗಿದವನ್ನು ಬಿಸಾಕಿ, ಉಳಿದವನ್ನು ಒಂದರ ಮೇಲೊಂದು ಪೇರಿಸಿ ಒಂದೇ ಒಂದು ಚೊಕ್ಕ ಚಿತ್ರ ಮಾಡುತ್ತಿದ್ದ. ಚಿತ್ರ ಮಂಕಾದರೆ ಮೋಡ ಬಂತೆಂದು ತಿಳಿದು ಛಾವಣಿ ಮುಚ್ಚು ಎನ್ನುತ್ತಿದ್ದ. ಅನ್ನುವುದೇನೋ ಸರಿ, ಕೇಳಬೇಕಾದ ಮುದುಕನಿಗೆ ಅವನ ಭಾಷೆ ಬರುತ್ತಿರಲಿಲ್ಲ. ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ತಿಳಿಯುವಂತೆ ಹೇಳಲು ನಡುವೆ ಅಂಗೈಯಗಲದ ಇನ್ನೊಂದು ಪುಟ್ಟ ಕಂಪ್ಯೂಟರ್ ಬೇಕಿತ್ತು. ಗೂಬೆ ಅದನ್ನು ಬಿಸ್ಕತ್ತಿನ ಡಬ್ಬದಲ್ಲಿ ಕೂರಿಸಿದ್ದಳು.

ಆ ಕೆಲಸಕ್ಕೆ ಮೊದಲು ಭಾವ ಒಬ್ಬ ಕೋಡು ಬರೆಯುವವನನ್ನು ಕರೆಸಿದ್ದ. ಎರಡನೇ ವಾರ ಏನೋ ಮಾತಿಗೆ ಮಾತು ಬೆಳೆದು ಭಾವ ಅವನ ಮೂಗಿಗೆ ಗುದ್ದಿದ. ಅವನು ಕರವಸ್ತ್ರ ಒತ್ತಿಕೊಂಡು ಹೋದವನು ಬ್ಯಾಗು ಒಯ್ಯಲೂ ಬರಲಿಲ್ಲ. ಬ್ಯಾಗಿನಲ್ಲಿ ಅವನ ನೋಟ್‌ಬುಕ್ ಇತ್ತು. ಮೂಗಿನ ರಕ್ತ ಒಂದೆರಡು ಪುಟಗಳಿಗೂ ಸಿಡಿದಿತ್ತು. ಗೂಬೆ ಅದನ್ನು ಓದಿ ಓದಿ ಅರ್ಧಕ್ಕೆ ನಿಂತದ್ದನ್ನು ಮುಂದುವರಿಸಿದಳು. ಡಾಕ್ಟರಮ್ಮನ ಮುಂದೆ ಭಾವ, "ಎಲ್ಲಾ ನಾನೇ ಮಾಡ್ತಿದೀನಿ ಮೇಡಂ, ಇವಳು ಸುಮ್ಮನೆ ವೈರು ಹಿಡಿಯೋಕೆ" ಎನ್ನುತ್ತಿದ್ದ.

ಡಾಕ್ಟರಮ್ಮನ ಕಣ್ಣಿಗೆ ಪೊರೆ ಬಂದಿತ್ತೇ ಹೊರತು ಕಿವಿಗಲ್ಲ. ಒಂದು ದಿನ ಭಾವ ಬೀಡಿ ಸೇದಲು ಕೆಳಗಿಳಿದಾಗ ಕೇಳಿಯೇಬಿಟ್ಟರು.

"ವೈರು ಹಿಡಿಯೋಳು ನೀನೋ ಅವನೋ?"

ಗೂಬೆ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟಳು.

"ಕೆಳಗೆ ಆ ಸಾಮಾನಿನ ಕೋಣೆ ಖಾಲಿ ಇದೆ. ಒಳಗಿನಿಂದ ಹಾಕೋ ಚಿಲಕ ಇದೆ, ಗಟ್ಟಿ ಚಿಲಕ. ಈ ಯಂತ್ರ ಒಂದು ಇಡೀ ದಿನ, ಹತ್ತರಿಂದ ನಾಲ್ಕರವರೆಗೆ, ಯಾರೂ ಕೈ ಹಾಕದೆ ತನ್ನಷ್ಟಕ್ಕೆ ನಡೀಬೇಕು. ನಡೆದ್ರೆ ಇದನ್ನ ನೋಡ್ಕೊಳ್ಳೋ ಕೆಲಸ ನಿನ್ನದು, ಕೋಣೆ ನಿನ್ನದು. ಇನ್ನೊಬ್ಬರನ್ನ ಇಟ್ಟುಕೊಂಡ್ರೂ ನಾನು ಕೇಳಲ್ಲ." ಆ ಇನ್ನೊಬ್ಬರು ಯಾರೆಂದು ಅವರು ಹೇಳಲಿಲ್ಲ. ಅಕ್ಕನ ಹೆಗಲ ಮೂಳೆ ಮುರಿದಿದ್ದಾಗ ಪಟ್ಟಿ ಕಟ್ಟಿದವರು ಅವರೇ. ಹೇಗಾಯಿತು ಎಂದು ಕೇಳಿದ್ದಕ್ಕೆ ಅಕ್ಕ, "ಬಚ್ಚಲಲ್ಲಿ ಬಿದ್ದೆ" ಎಂದಿದ್ದಳು.

ಚಿಲಕ. ಅಂದಿನಿಂದ ಗೂಬೆಯ ತಲೆಯಲ್ಲಿ ಇದ್ದದ್ದು ಅದೊಂದೇ.

ಸರಪಳಿ ತುಂಡಾದ ದಿನ ಅವಳು ಒಡೆದ ತುಟಿಗೆ ಬಟ್ಟೆ ಒತ್ತಿಕೊಂಡು, ಡಬ್ಬದ ಮೂಲಕ ಹಾದುಹೋದ ಮಾತುಗಳನ್ನೆಲ್ಲ ಪರದೆಯ ಮೇಲೆ ಸಾಲಾಗಿ ಓದಿದಳು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾರು ಏನು ಹೇಳಿದರು ಎಂಬುದನ್ನು ಡಬ್ಬ ಬರೆದಿಡುತ್ತಿತ್ತು. ತಪ್ಪು ಒಂದೇ ಒಂದು ಅಂಕಿಯಲ್ಲಿತ್ತು. ಪೂರ್ವದ ಗೋಡೆಯ ಮೇಲೊಂದು ಸ್ವಿಚ್ಚು, ಛಾವಣಿಯಲ್ಲಿ ಒಂದು ಅಯಸ್ಕಾಂತ. ಛಾವಣಿ ಪೂರ್ತಿ ಸರಿದು ಅಯಸ್ಕಾಂತ ಸ್ವಿಚ್ಚಿನ ಎದುರು ಬಂದರೆ ಮುದುಕ 'ಸೊನ್ನೆ' ಎನ್ನುತ್ತಿದ್ದ. ಅವನ ಲೆಕ್ಕದಲ್ಲಿ ಸೊನ್ನೆ ಎಂದರೆ ತೆರೆದಿದೆ, ಒಂದು ಎಂದರೆ ಮುಚ್ಚಿದೆ. ಹೊಸಬನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಸೊನ್ನೆ ಕೇಳಿದ ಅವನು ಛಾವಣಿ ಮುಚ್ಚಿದೆ ಎಂದುಕೊಂಡು, ತೆರೆ, ತೆರೆ, ತೆರೆ ಎಂದು ಕೂಗಿದ್ದ. ಹೇಳಿದ್ದನ್ನು ಮಾಡುವ ಮುದುಕ, ಮುಂದೆ ಹಳಿಯೇ ಇಲ್ಲದ ಕಡೆಗೆ ಛಾವಣಿಯನ್ನು ಎಳೆದೆಳೆದು ಸರಪಳಿ ಹರಿದಿದ್ದ.

ಅವಳು ಅಂಕಿಯನ್ನು ತಿರುಗಿಸಿದಳು. ಅಷ್ಟಕ್ಕೇ ಬಿಡದೆ ಇನ್ನೊಂದು ನಿಯಮ ಸೇರಿಸಿದಳು: ತೆರೆದಿರುವ ಛಾವಣಿಯನ್ನು ತೆರೆ ಎಂದು ಯಾರು ಹೇಳಿದರೂ ಕೇಳಕೂಡದು. ಡಬ್ಬಕ್ಕೂ ಅದನ್ನೇ ಕಲಿಸಿದಳು, ಮುದುಕನಿಗೂ ಅದನ್ನೇ. ಹಾಗೆ ಹೇಳಿದಾಗ ಪರದೆಯ ಮೇಲೆ ಬರಬೇಕಾದ ಮಾತನ್ನು ಕನ್ನಡದಲ್ಲಿ ತಾನೇ ಟೈಪು ಮಾಡಿದಳು: 'ಛಾವಣಿ ತೆರೆದೇ ಇದೆ.' ಇನ್ನೊಮ್ಮೆ ಸರಪಳಿ ಹರಿದರೆ ಒಡೆಯುವುದು ತುಟಿಯೊಂದೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಭಾವ ಹಿಂದೆ ನಿಂತು ನೋಡಿದ. "ಏನದು ಸೊನ್ನೆ, ಒಂದು?"

ಅವಳು ಮೆಲ್ಲಗೆ ವಿವರಿಸಿದಳು. ಅವನು ಅರ್ಧ ಕೇಳಿದ. ಇನ್ನರ್ಧದ ಹೊತ್ತಿಗೆ, "ಗೊತ್ತು ಗೊತ್ತು, ನನಗೇ ಪಾಠ ಹೇಳ್ತೀಯಾ" ಎಂದು ಅವಳ ಜಡೆಯನ್ನು ಒಮ್ಮೆ ಜಗ್ಗಿ ಹೊರಟುಹೋದ.

ಕೋಣೆಯ ಸಂಗತಿ ಅವನಿಗೆ ಹೇಗೋ ತಿಳಿಯಿತು. ಯಂತ್ರದ ಪರೀಕ್ಷೆಯ ಹಿಂದಿನ ರಾತ್ರಿ ಊಟದ ತಟ್ಟೆ ಗೋಡೆಗೆ ಹೋಯಿತು. ಅಕ್ಕನ ಕೂದಲು ಅವನ ಮುಷ್ಟಿಗೆ ಹೋಯಿತು. "ತಂಗಿ ಅಲ್ಲಿ, ಅವಳ ಹಿಂದೆ ನೀನು, ವರ್ಕ್‌ಶಾಪಲ್ಲಿ ನಾನೊಬ್ಬನೇ ಕೂತು ನೊಣ ಹೊಡೀಬೇಕಾ? ಹಾಂ?" ಹಾಂ ಎಂದಾಗಲೆಲ್ಲ ಅಕ್ಕನ ತಲೆ ಬಾಗಿಲಿಗೆ ಬಡಿಯುತ್ತಿತ್ತು. ಗೂಬೆ ನಡುವೆ ನುಗ್ಗಿ ಹೊಟ್ಟೆಗೆ ಒದೆ ತಿಂದಳು. ಆಮೇಲೆ ಅವನು ಕೈ ತೊಳೆದುಕೊಂಡು ಮಲಗಿದ. ಅಕ್ಕ ನೆಲದ ಮೇಲಿನ ಅನ್ನವನ್ನು ಬಳಿದಳು. "ನಾಳೆ ಅದು ಸರಿಯಾಗಿ ನಡೆಯುತ್ತಾ?" ಎಂದಷ್ಟೇ ಕೇಳಿದಳು.

"ನಡೆಯುತ್ತೆ."

"ನಡೀಲಿ," ಎಂದಳು ಅಕ್ಕ.

ಬೆಳಿಗ್ಗೆ ಗೂಬೆ ಹೊರಡುವಾಗ ಅಡುಗೆಮನೆಯ ಹಸಿರು ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಮುಚ್ಚಿದಳು. ಮತ್ತೆ ತೆರೆದುಕೊಂಡಿತು. ರಾದ್ಧಾಂತದಲ್ಲಿ ಮುರಿದಿರಬೇಕು ಎಂದುಕೊಂಡು ಒಂದು ಕಾಗದ ಮಡಚಿ ಸಂದಿಗೆ ಸಿಕ್ಕಿಸಿ ಹೊರಟಳು. ಭಾವ ಅವಳಿಗಿಂತ ಮೊದಲೇ ಹೋಗಿಯಾಗಿತ್ತು. ಅದೊಂದು ಹೊಸದು.

ಹೊಸ ಸರಪಳಿ ಹಾಕಿದ ಛಾವಣಿ ಹತ್ತು ಗಂಟೆಗೆ ಪೂರ್ವಕ್ಕೆ ಸರಿದು ನಿಂತಿತು. ದುರ್ಬೀನು ತಲೆಯೆತ್ತಿ ಸೂರ್ಯನನ್ನು ಹುಡುಕಿ ಹಿಡಿಯಿತು. ಹೊಸಬ ನೂರು ನೂರು ಚಿತ್ರ ನುಂಗತೊಡಗಿದ. ಪರದೆಯ ಮೇಲೆ ಸೂರ್ಯ ಕಿತ್ತಳೆ ಬಣ್ಣದ ತಟ್ಟೆಯ ಹಾಗೆ ಕೂತಿದ್ದ. ಎಡಗಡೆ ಎರಡು ಕಪ್ಪು ಕಲೆ, ಅವುಗಳ ಬೆನ್ನಿಗೆ ಗಸಗಸೆಯಂತೆ ಉದುರಿದ ಸಣ್ಣ ಕಲೆಗಳು. ಡಾಕ್ಟರಮ್ಮ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿ, "ನಾನು ಬರೆದಿದ್ರೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ" ಎಂದರು. ಹನ್ನೆರಡಾಯಿತು. ಮೋಡದ ಸುಳಿವಿಲ್ಲ. ಡಾಕ್ಟರಮ್ಮ ಊಟಕ್ಕೆ ಇಳಿಯುವಾಗ ಭಾವನಿಗೆ ಹೇಳಿದರು:

"ಮೇಸ್ತ್ರಿ, ಸುಮ್ಮನೆ ಕೂತಿರೋ ಬದಲು ಪಶ್ಚಿಮದ ಗಾಡಿಯಲ್ಲಿ ಒಣಗಿದ ಎಲೆ ಕಿಕ್ಕಿರಿದಿದೆ ನೋಡಿ, ತೆಗೆದುಬಿಡಿ. ಛಾವಣಿ ಮುಚ್ಚಿದಾಗ ಕೂರಲ್ಲ."

"ಅದಕ್ಕೇನಂತೆ ಮೇಡಂ, ಆರಾಮಾಗಿ." ಅವನ ಮುಖದಲ್ಲಿ ನಗೆ ಇತ್ತು. ಗೂಬೆ ಆ ನಗೆಯನ್ನು ನೋಡಿದಳು. ಯಾರಿಗಾದರೂ ಕೈಕೊಟ್ಟ ಮೇಲೆ ಬರುವ ನಗೆ ಅದು ಎಂದು ಅವಳಿಗೆ ಗೊತ್ತಿತ್ತು. ಯಾರಿಗೆ, ಹೇಗೆ ಎಂದು ಗೊತ್ತಿರಲಿಲ್ಲ.

ಒಂದು ಗಂಟೆ ದಾಟಿದ ಮೇಲೆ ಪರದೆಯ ಸೂರ್ಯನ ಅಂಚು ಮಾಸಿತು. ತೆಳ್ಳನೆಯ ಒಂದು ಮೋಡ, ಅದರ ಹಿಂದೆ ದಪ್ಪದ ಇನ್ನೊಂದು. ಹೊಸಬ ಮುಚ್ಚು ಎಂದ. ಡಬ್ಬ ಅದನ್ನು ಮುದುಕನಿಗೆ ಹೇಳಿತು. ಛಾವಣಿ ಚಲಿಸುವ ಮೊದಲು ಹತ್ತು ಸೆಕೆಂಡು ಗಂಟೆ ಬಡಿಯಬೇಕು, ಬಡಿಯತೊಡಗಿತು.

ಗಾಜಿನ ಕಿಟಕಿಯಾಚೆ ಭಾವ ಪಶ್ಚಿಮದ ಗೋಡೆಗೆ ಆನಿಸಿದ ಏಣಿಯ ಮೇಲಿದ್ದ. ಬಲಗೈ ಮೊಣಕೈಯವರೆಗೆ ಗಾಡಿಯೊಳಗಿತ್ತು. ಗೂಬೆ ಗಾಜಿಗೆ ಬಡಿದಳು. ಕೂಗಬೇಕು ಎಂದು ಬಾಯಿ ತೆರೆದಳು, ಸದ್ದು ಬರಲಿಲ್ಲ. ಎರಡು ಅಂಗೈಯಿಂದಲೂ ಬಡಿದಳು. ಅವನು ಕತ್ತು ತಿರುಗಿಸಿ ಅವಳನ್ನು ನೋಡಿದ, ನಕ್ಕ.

"ಬಡ್ಕೋ, ಬಡ್ಕೋ! ಎಷ್ಟು ಬಡ್ಕೊಂಡ್ರೂ ಇವತ್ತು ಇದು ಅಲ್ಲಾಡಲ್ಲ ಕಣೇ!"

ಛಾವಣಿ ಅಲ್ಲಾಡಿತು.

ಅದು ನಿಧಾನವಾಗಿ ಬರುವ ವಸ್ತುವಲ್ಲ. ಗಾಳಿ ಮಳೆಗೆ ಸಿಗದಂತೆ ಬೇಗ ಮುಚ್ಚಬೇಕೆಂದು ಭಾವನೇ ಅದಕ್ಕೆ ದೊಡ್ಡ ಮೋಟಾರು ಹಾಕಿದ್ದ. ಎರಡು ಸಾವಿರ ಕಿಲೋ ಕಬ್ಬಿಣ ಹಳಿಯ ಮೇಲೆ ಗುಡುಗುಡು ಬಂತು. ನಗು ಮುಖದಲ್ಲಿದ್ದಂತೆಯೇ ಅವನು ಕೈ ಎಳೆದುಕೊಳ್ಳಲು ನೋಡಿದ. ಅಂಗಿಯ ತೋಳು ಒಳಗಿನ ಬೋಲ್ಟಿಗೆ ಸಿಕ್ಕಿತ್ತು. ಗೂಬೆ ಮೋಟಾರು ನಿಲ್ಲಿಸುವ ಕೆಂಪು ಗುಂಡಿಗೆ ಗುದ್ದುವ ಹೊತ್ತಿಗೆ ಛಾವಣಿಯ ತೊಲೆ ಗೋಡೆಗೆ ಸೇರಿಯಾಗಿತ್ತು. ಹಸಿ ಕಟ್ಟಿಗೆ ಮುರಿದ ಹಾಗೆ ಎರಡು ಸಲ ಸದ್ದಾಯಿತು. ಮೂರನೆಯದು ಭಾವನ ಗಂಟಲಿನಿಂದ ಬಂತು.

ಮೋಟಾರು ನಿಂತಿತು, ಆದರೆ ಕೈ ಅಲ್ಲೇ ಇತ್ತು. ಕಾಲ ಕೆಳಗಿನ ಏಣಿ ಜಾರಿ ಬಿತ್ತು. ಅವನು ಆ ಕೈಯಿಂದಲೇ ಜೋತುಬಿದ್ದ. ಬಿಳಿ ಗೋಡೆಯ ಮೇಲೆ ರಕ್ತ ಎರಡು ಗೆರೆಯಾಗಿ ಇಳಿಯಿತು. ಗೂಬೆ ಓಡಿಹೋಗಿ ಏಣಿ ಎತ್ತಿ ಅವನ ಕಾಲಿಗೆ ಕೊಟ್ಟಳು. ಅವನು ಏಣಿಯ ಮೇಲೆ ಕಾಲೂರಿದವನೇ ಎಡಗೈಯಿಂದ ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ.

"ತೆಗಿಯೇ! ತೆಗಿಯೇ ಮುಂಡೇದೇ!"

ಅವಳು ಜಡೆ ಬಿಡಿಸಿಕೊಂಡು ಪಕ್ಕದ ಕೋಣೆಗೆ ಹಾರಿದಳು. ತೆರೆ ಎಂದು ಹೇಳಿದಳು. ಪರದೆ ಉತ್ತರ ಕೊಟ್ಟಿತು: ಛಾವಣಿ ತೆರೆದೇ ಇದೆ.

ಅವಳು ಮತ್ತೆ ಹೇಳಿದಳು. ಛಾವಣಿ ತೆರೆದೇ ಇದೆ. ಡಬ್ಬವನ್ನು ಬಿಟ್ಟು ನೇರ ಮುದುಕನಿಗೇ ಹೇಳಿದಳು. ಅವನೂ ಅದೇ ಸ್ವಿಚ್ಚನ್ನು ನಂಬುವವನು, ಅವಳು ಕಲಿಸಿದ್ದನ್ನೇ ಒಪ್ಪಿಸಿದ: ಛಾವಣಿ ತೆರೆದೇ ಇದೆ.

ಕೂಗು ಕೇಳಿ ಡಾಕ್ಟರಮ್ಮ ಊಟದ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದಿದ್ದರು. "ಅಯ್ಯೋ ದೇವರೇ! ಗೂಬೆ, ತೆಗಿಯಮ್ಮ, ಬೇಗ ತೆಗಿ!"

"ನೋಡಿ ಮೇಡಂ ಅವಳ ಕೆಲಸ!" ಭಾವ ಅರಚಿದ. "ಅವಳ ಡಬ್ಬ ನೋಡಿ! ಕೊಂದಳು ನನ್ನ!"

ಗೂಬೆಗೆ ಆಗ ಬೀರುವಿನ ಬಾಗಿಲು ನೆನಪಾಯಿತು. ಹಸಿರು ಬೀರು. ಬಾಗಿಲನ್ನು ಹಿಡಿದಿಡುತ್ತಿದ್ದ ಅಯಸ್ಕಾಂತ.

ಪೂರ್ವದ ಗೋಡೆಗೆ ಐದು ಹೆಜ್ಜೆ. ಸ್ಟೂಲು ಹತ್ತಿದಳು. ಸ್ವಿಚ್ಚಿನ ಮೇಲೆ ಕಪ್ಪು ಟೇಪು ಬಿಗಿಯಾಗಿ ಸುತ್ತಿತ್ತು. ಟೇಪಿನ ಕೆಳಗೆ ಚಪ್ಪಟೆ ಅಯಸ್ಕಾಂತ, ಅದರ ಮೂಲೆಯಲ್ಲಿ ಹಸಿರು ಬಣ್ಣದ ಚಕ್ಕೆ. ಅವಳಿಗೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಸೊನ್ನೆ, ಒಂದು ಎಂದು ಅವಳು ಹೇಳಿಕೊಟ್ಟದ್ದನ್ನು ಅವನು ಅರ್ಧ ಕೇಳಿದ್ದ. ಅಯಸ್ಕಾಂತ ಇಟ್ಟರೆ ಮುಚ್ಚಿದೆ ಎಂದು ಹೋಗುತ್ತದೆ, ಆಗ ಮುಚ್ಚು ಎಂದರೂ ಯಂತ್ರ ಅಲ್ಲಾಡುವುದಿಲ್ಲ, ಮೋಡ ಬಂದಾಗ ಛಾವಣಿ ಬಾಯಿ ಬಿಟ್ಟುಕೊಂಡೇ ಇರುತ್ತದೆ, ಡಾಕ್ಟರಮ್ಮ ಗೂಬೆಯನ್ನು ಹೊರಗೆ ಹಾಕುತ್ತಾರೆ. ಇದು ಅವನ ಎಣಿಕೆ. ಅದಕ್ಕೇ ಗಂಟೆ ಬಡಿದರೂ ಧೈರ್ಯವಾಗಿ ಕೈ ಇಟ್ಟುಕೊಂಡಿದ್ದ. ಅವನು ಹಿಡಿದದ್ದು ಉಲ್ಟಾ: ಅಯಸ್ಕಾಂತ ಎದುರಿಗಿದ್ದರೆ ಯಂತ್ರದ ಲೆಕ್ಕದಲ್ಲಿ ಛಾವಣಿ ಸದಾ ತೆರೆದೇ ಇರುತ್ತದೆ.

ಅವಳು ಟೇಪಿನ ತುದಿಯನ್ನು ಉಗುರಿನಿಂದ ಎತ್ತಿದಳು. ಒಮ್ಮೆ ಎಳೆದರೆ ಸಾಕಿತ್ತು.

ಎಳೆಯಲಿಲ್ಲ.

ಯಾಕೆ ನಿಂತಳೋ. ಆ ಮನೆಯಲ್ಲಿ ಈವರೆಗೆ ಮುರಿದದ್ದೆಲ್ಲ ತಾನಾಗಿಯೇ ಮುರಿದಿತ್ತು. ತಟ್ಟೆ ತಾನಾಗಿ ಬಿತ್ತು, ಅಕ್ಕ ತಾನಾಗಿ ಬಿದ್ದಳು, ಕೋಡಿನವನ ಮೂಗಿಗೆ ಬಾಗಿಲು ತಾಗಿತು. ನಾನು ಮಾಡಿದೆ ಎಂದು ಯಾರೂ, ಯಾವತ್ತೂ ಅಂದದ್ದನ್ನು ಅವಳು ಕೇಳಿರಲಿಲ್ಲ. ಈಗ ಅವನು ಕೋಣೆಯ ಆ ತುದಿಯಲ್ಲಿ, ಅವಳನ್ನು ಹೊಡೆದ ಕೈಯಿಂದಲೇ ಗೋಡೆಗೆ ಸಿಕ್ಕಿಕೊಂಡು, ಅವಳ ಡಬ್ಬವನ್ನೇ ದೂರುತ್ತಿದ್ದ.

"ಭಾವ," ಎಂದಳು. ಅವಳ ದನಿ ಇಷ್ಟು ಸ್ಪಷ್ಟವಾಗಿದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. "ಇಲ್ಲಿ ಅಯಸ್ಕಾಂತ ಅಂಟಿಸಿದ್ದು ಯಾರು?"

"ಯಾವ ಅಯಸ್ಕಾಂತ? ನನಗೇನೇ ಗೊತ್ತು? ಅಯ್ಯೋ... ಮೇಡಂ, ಅವಳಿಗೆ ಹುಚ್ಚು ಹಿಡಿದಿದೆ!"

"ಏನದು? ಏನು ಮಾಡ್ತಿದೀಯ ಅಲ್ಲಿ?" ಡಾಕ್ಟರಮ್ಮ ಏಣಿ ಒತ್ತಿ ಹಿಡಿದಿದ್ದರು. ಅವರ ಬಿಳಿ ಕೂದಲ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು.

"ಇದನ್ನ ತೆಗೆದ್ರೆ ಛಾವಣಿ ಹೋಗುತ್ತೆ, ಡಾಕ್ಟರಮ್ಮ. ಯಾರು ಅಂಟಿಸಿದ್ದು ಅಂತ ಭಾವ ಹೇಳಲಿ."

"ಆಮೇಲೆ ಹೇಳ್ತಾನೆ! ತೆಗಿ!"

"ಆಮೇಲೆ ಹೇಳಲ್ಲ."

ಭಾವ ಮೊದಲು ಬೈದ. ಅವಳ ಅಮ್ಮನನ್ನು, ಅವಳ ಕಣ್ಣುಗಳನ್ನು, ಅವಳು ತಿಂದ ಅನ್ನವನ್ನು ಎಲ್ಲ ಬೈದ. ಆಮೇಲೆ ಬೇಡಿದ. "ಚಿನ್ನಾ, ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮ." ಅವಳು ಟೇಪಿನ ತುದಿ ಹಿಡಿದು ನೋಡುತ್ತಲೇ ನಿಂತಳು.

"ನಾನೇ!" ಎಂದ ಅವನು. "ನಾನೇ ಕಣೇ! ಛಾವಣಿ ತೆರೆದ್ಮೇಲೆ ನಾನೇ ಅಂಟಿಸಿದ್ದು!"

ಅಷ್ಟು ಸಾಕಿತ್ತು. ಆದರೆ ಬಾಗಿಲಲ್ಲಿ ಯಾರೋ ಬಂದು ನಿಂತಿದ್ದರು. ಊಟದ ಚೀಲ ಹಿಡಿದ ಅಕ್ಕ. ಅವಳನ್ನು ಕಂಡದ್ದೇ ಗೂಬೆಯ ಬಾಯಿಂದ ಇನ್ನೊಂದು ಮಾತು ಬಂತು.

"ಅಕ್ಕನ ಹೆಗಲ ಮೂಳೆ ಮುರಿದಿದ್ದು?"

"ನಾನೇ! ಅದೂ ನಾನೇ! ಎಲ್ಲಾ ನಾನೇ! ತೆಗಿಯೇ!"

ಅವಳು ಟೇಪನ್ನು ಕಿತ್ತೆಸೆದಳು. ಪಕ್ಕದ ಕೋಣೆಗೆ ಹೋಗಿ ತೆರೆ ಎಂದಳು. ಈ ಸಲ ಯಂತ್ರ ವಾದ ಮಾಡಲಿಲ್ಲ. ಛಾವಣಿ ಹಿಂದಕ್ಕೆ ಸರಿಯಿತು, ಭಾವ ಏಣಿಯ ಸಮೇತ ಡಾಕ್ಟರಮ್ಮನ ಮೇಲೆ ಕುಸಿದ. ಅವನ ಬಲಗೈ ಮೊಣಕೈಯಿಂದ ಕೆಳಗೆ ಕೈಯ ಆಕಾರದಲ್ಲಿ ಇರಲಿಲ್ಲ.

ಅಕ್ಕ ಚೀಲ ಕೆಳಗಿಟ್ಟು ಓಡಿಬಂದಳು. ಅಭ್ಯಾಸ. ಅವನ ಪಕ್ಕ ಮಂಡಿಯೂರಿ ಸೆರಗಿನಿಂದ ಅವನ ಮುಖ ಒರೆಸಲು ಬಗ್ಗಿದಳು. ಬಗ್ಗಿದವಳ ಗಂಟಲನ್ನು ಅವನು ಎಡಗೈಯಿಂದ ಹಿಡಿದ. ಅದೂ ಅಭ್ಯಾಸ.

"ನಿನ್ನ ತಂಗಿ... ನಿನ್ನೂ ಬಿಡಲ್ಲ ಕಣೇ..."

ಅಕ್ಕನ ಕಣ್ಣುಗಳು ಮೇಲಕ್ಕೆ ಹೋದವು. ಗೂಬೆ ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿಕೊಂಡು ಬರುತ್ತಿದ್ದಳು. ಅಷ್ಟರಲ್ಲಿ ಅಕ್ಕನೇ ತನ್ನ ಮಂಡಿಯನ್ನು ಎತ್ತಿ ಅವನ ಜಜ್ಜಿದ ಕೈಯ ಮೇಲೆ ಊರಿದಳು. ಇಡೀ ಮೈಯ ಭಾರ ಹಾಕಿ ಊರಿದಳು. ಗಂಟಲು ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವನ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಅಕ್ಕ ಮಂಡಿ ತೆಗೆಯಲಿಲ್ಲ.

"ಸಾಕು," ಎಂದರು ಡಾಕ್ಟರಮ್ಮ.

ಅಕ್ಕ ಅವರ ಮುಖ ನೋಡಿದಳು.

"ಸಾಕು ಕಣಮ್ಮ. ಏಳು. ಈ ಕೈ ಕಟ್ಟಬೇಕು ನಾನು."

ಆಂಬುಲೆನ್ಸು ಬಂತು. ಇಬ್ಬರು ಅವನನ್ನು ಸ್ಟ್ರೆಚರಿನಲ್ಲಿ ಹನ್ನೆರಡು ಮೆಟ್ಟಿಲು ಇಳಿಸಿದರು. "ಜೊತೆಗೆ ಯಾರು ಬರ್ತೀರಿ?" ಎಂದು ಡ್ರೈವರು ಕೇಳಿದ. ಅಕ್ಕ ಊಟದ ಚೀಲದ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. ಅವನು ಇನ್ನೊಮ್ಮೆ ಕೇಳಿ, ಬಾಗಿಲು ಹಾಕಿಕೊಂಡು ಹೋದ.

ಡಾಕ್ಟರಮ್ಮ ಕೈ ತೊಳೆಯಲು ಹೋದಾಗ ಗೂಬೆ ಪರದೆಯ ಮುಂದೆ ಒಬ್ಬಳೇ ಇದ್ದಳು. ಡಬ್ಬ ಎಲ್ಲವನ್ನೂ ಬರೆದಿಟ್ಟಿತ್ತು, ಮುದುಕನಿಗೆ ನೇರ ಹೇಳಿದ್ದನ್ನೂ. ಮುಚ್ಚು. ನಿಲ್ಲು. ತೆರೆ, ತೆರೆದೇ ಇದೆ. ತೆರೆ, ತೆರೆದೇ ಇದೆ. ತೆರೆ, ತೆರೆದೇ ಇದೆ. ಅದರ ಕೆಳಗೆ ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ, ಸ್ವಿಚ್ಚು ಬದಲಾಯಿತು. ಒಂದು ಸಾಲಿನ ಆಜ್ಞೆ ಕೊಟ್ಟರೆ ಇದೆಲ್ಲ ಅಳಿಸಿಹೋಗುತ್ತಿತ್ತು. ಪೊರೆ ಬಂದ ಕಣ್ಣಿನ ಮುದುಕಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಚಿಲಕದ ಕೋಣೆ ಅಷ್ಟೇ ದೂರದಲ್ಲಿತ್ತು. ಅವಳು ಆಜ್ಞೆಯನ್ನು ಪೂರ್ತಿ ಟೈಪು ಮಾಡಿದಳು. ತಾನಾಗಿ ಆಯಿತು ಎನ್ನುವವರ ಮನೆಯಿಂದ ಹೊರಗೆ ಬರಬೇಕೆಂದು ತಾನೇ ಇಷ್ಟೆಲ್ಲ? ಅಕ್ಷರಗಳನ್ನು ಒಂದೊಂದಾಗಿ ಹಿಂದಕ್ಕೆ ಅಳಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಡಾಕ್ಟರಮ್ಮ ಬಂದು ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಓದಿದರು. ಮೂರನೆಯ ತೆರೆಯಿಂದ ಸ್ವಿಚ್ಚಿನವರೆಗೆ ಬೆರಳು ಮಡಚಿ ಲೆಕ್ಕ ಹಾಕಿದರು.

"ಐವತ್ತಾರು ಸೆಕೆಂಡು. ಆ ಗೋಡೆಗೆ ಹೋಗೋಕೆ ಐದು. ಉಳಿದ ಐವತ್ತೊಂದು?"

"ನಿಂತಿದ್ದೆ."

"ಬೇಕಂತ?"

"ಹೂಂ. ಬೇಕಂತಲೇ."

"ಅದರಲ್ಲಿ ಅವನ ಕೈ ಹೋಗಿರಬಹುದು. ಬೇಗ ತೆಗೆದಿದ್ರೆ ಉಳೀತಿತ್ತೋ ಏನೋ. ಯಾರು ಕೇಳಿದ್ರೂ ನಾನು ಇದನ್ನೇ ಹೇಳೋಳು. ಅವನು ಅಯಸ್ಕಾಂತ ಅಂಟಿಸಿದ್ದನ್ನೂ ಹೇಳ್ತೀನಿ, ನೀನು ನಿಂತಿದ್ದನ್ನೂ ಹೇಳ್ತೀನಿ."

"ನಾನೂ ಹೇಳ್ತೀನಿ," ಎಂದಳು ಗೂಬೆ.

ಡಾಕ್ಟರಮ್ಮ ಭೂತಗನ್ನಡಿ ಕೆಳಗಿಟ್ಟರು. ಮೋಡ ಸರಿದು ಹೊಸಬ ಮತ್ತೆ ಸೂರ್ಯನ ಚಿತ್ರ ಪೇರಿಸತೊಡಗಿದ್ದ. ನಾಲ್ಕಾಯಿತು. ಛಾವಣಿ ಗಂಟೆ ಬಡಿದು, ತಾನಾಗಿ ಬಂದು, ಒದ್ದೆ ಗಾಡಿಯಲ್ಲಿ ಸದ್ದಿಲ್ಲದೆ ಕೂತಿತು. ಅವರು ಸೊಂಟದಿಂದ ಒಂದು ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟರು. ಅವಳ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟರು.

"ನಾಳೆ ಮೊದಲ ಕೆಲಸ. ಆ ಪಶ್ಚಿಮದ ಗೋಡೆ ಮೇಲೆ ಒಂದು ಗುಂಡಿ ಹಾಕು. ಒತ್ತಿದ್ರೆ ಛಾವಣಿ ಹಿಂದಕ್ಕೆ ಹೋಗಬೇಕು. ಮುದುಕನ್ನೂ ಕೇಳಬಾರದು, ಹೊಸಬನ್ನೂ ಕೇಳಬಾರದು, ನಿನ್ನನ್ನೂ ಕೇಳಬಾರದು. ಅಲ್ಲಿ ಸಿಕ್ಕಿಹಾಕಿಕೊಂಡೋನು ಇನ್ನೊಬ್ಬರ ಮನಸ್ಸು ಕಾಯೋ ಹಾಗಿರಬಾರದು."

ಅಂದು ಸಂಜೆ ಅಕ್ಕ ಸಾಮಾನಿನ ಕೋಣೆಯ ಚಿಲಕವನ್ನು ಒಳಗಿನಿಂದ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಬೆಳಿಗ್ಗೆ ಗೂಬೆ ಗೋಡೆಯ ಕಲೆಯನ್ನು ಉಜ್ಜಿದಳು. ಪೂರ್ತಿ ಹೋಗಲಿಲ್ಲ. ಮುಖ್ಯ ವಿದ್ಯುತ್ತು ಆರಿಸಿ, ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು ಏಣಿ ಹತ್ತಿದಳು. ಅಕ್ಕ ಕೆಳಗೆ ಏಣಿ ಹಿಡಿದಿದ್ದಳು. ಗೂಬೆ ತನ್ನ ಬಲಗೈಯನ್ನು ಮೊಣಕೈಯವರೆಗೆ ಗಾಡಿಯೊಳಗಿಟ್ಟಳು. ಒಳಗಿನ ಕಬ್ಬಿಣ ತಣ್ಣಗಿತ್ತು. ಆ ಕೈ ಅಲ್ಲಾಡದಂತೆ ಇಟ್ಟುಕೊಂಡು ಎಡಗೈಯನ್ನು ಆದಷ್ಟು ಚಾಚಿ, ಬೆರಳ ತುದಿ ಎಲ್ಲಿಗೆ ತಲುಪಿತೋ ಅಲ್ಲಿ ಒಂದು ಗುರುತು ಹಾಕಿದಳು.

"ಅವರ ಕೈ ನಿನ್ನದಕ್ಕಿಂತ ಉದ್ದ," ಎಂದಳು ಅಕ್ಕ.

"ಗೊತ್ತು. ಗಿಡ್ಡ ಕೈಗೂ ಸಿಗಬೇಕು," ಎಂದು ಗೂಬೆ ಗುರುತನ್ನು ಇನ್ನೊಂದು ಬೆರಳಷ್ಟು ಹತ್ತಿರಕ್ಕೆ ತಂದು ಗಟ್ಟಿಯಾಗಿ ತಿದ್ದಿದಳು.